ಮೂವತ್ತು ಮಿಲಿಗ್ರಾಂ ಎಂಬ ಸಮಾಧಾನ: ಕಡಲ ತೈಲದ ಪರವಾನಗಿಗೆ ಸಹಿ ಹಾಕುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಕಡಲಿನಲ್ಲಿ ತೈಲ ಮತ್ತು ಅನಿಲ ತೆಗೆಯಲು ಪರವಾನಗಿ ಕೊಡುವ ನಿಯಂತ್ರಣ ಪ್ರಾಧಿಕಾರಗಳ ಮುಖ್ಯಸ್ಥರಿಗೆ ಹಾಗೂ ಪರಿಸರ ಪರಿಣಾಮ ವರದಿಗಳನ್ನು ಪರಿಶೀಲಿಸುವ ಅಧಿಕಾರಿಗಳಿಗೆ

ವಿಷಯ: ಪರವಾನಗಿ ಷರತ್ತುಗಳಲ್ಲಿರುವ ಅಳತೆಗಳನ್ನು ಕಡಲ ಜೀವಿಗಳಿಗೆ ಹೊಂದುವಂತೆ ತಿದ್ದುವ ಬಗ್ಗೆ

ಮಾನ್ಯರೆ,

ನೀವು ಸಹಿ ಹಾಕುವ ಪರವಾನಗಿ ಎಷ್ಟೇ ದಪ್ಪವಿರಲಿ, ಕಡಲ ಜೀವಿಗಳ ಪಾಲಿಗೆ ಅದರಲ್ಲಿ ಲೆಕ್ಕಕ್ಕೆ ಬರುವುದು ನಾಲ್ಕೈದು ಅಂಕಿಗಳು. ಹೊರಬಿಡುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಎಣ್ಣೆ, ಅದೂ ತಿಂಗಳ ಸರಾಸರಿ. ಎಣ್ಣೆ ಹುಡುಕಲು ಕಡಲಲ್ಲಿ ಭಾರಿ ಸದ್ದು ಮಾಡುವ ಏರ್‌ಗನ್ ಹಾರಿಸುವ ಮೊದಲು 30 ನಿಮಿಷದ ಕಾವಲು. ತಿಮಿಂಗಿಲದಿಂದ 500 ಮೀಟರ್ ದೂರ. ಕೊರೆದು ತೆಗೆದ ಕಲ್ಲಿನ ಚೂರಿನಲ್ಲಿ ತೂಕದ ನೂರಕ್ಕೆ 1 ಭಾಗ ಎಣ್ಣೆ. ದೇಶದಿಂದ ದೇಶಕ್ಕೆ ಅಂಕಿ ಸ್ವಲ್ಪ ಆಚೀಚೆ ಆದೀತು, ಜಾತಿ ಮಾತ್ರ ಒಂದೇ.

ಕಂಪನಿಗಳು ಇವನ್ನು ಬಹುಮಟ್ಟಿಗೆ ಪಾಲಿಸುತ್ತವೆ. ನಮ್ಮ ದೂರು ಇರುವುದೇ ಅಲ್ಲಿ. ಒಂದು ಷರತ್ತನ್ನೂ ಮುರಿಯದೆ, ಒಂದು ಹಂಗಾಮಿನ ಮೊಟ್ಟೆ, ಮರಿಗಳಿಗೆ ಪೆಟ್ಟು ಕೊಡುವುದು ಸಾಧ್ಯವಿದೆ. ಈ ಅಂಕಿಗಳನ್ನು ಗೊತ್ತುಮಾಡುವಾಗ ಉಪಕರಣ ಏನನ್ನು ಸುಲಭವಾಗಿ ಅಳೆಯುತ್ತದೆ ಎಂದು ನೋಡಿದರೇ ಹೊರತು, ಮೀನಿನ ಮೊಟ್ಟೆ ಏನನ್ನು ತಡೆದುಕೊಳ್ಳುತ್ತದೆ ಎಂದು ಯಾರೂ ಕೇಳಲಿಲ್ಲ. ತೈಲ ತೆಗೆಯಬೇಕೋ ಬೇಡವೋ ಎಂಬ ದೊಡ್ಡ ಜಗಳ ಬೇರೆಯೇ ಇದೆ, ಅದಕ್ಕೆ ನಾವಿಲ್ಲಿ ಕೈಹಾಕುವುದಿಲ್ಲ. ತೆಗೆಯಲು ನೀವು ಒಪ್ಪಿಗೆ ಕೊಟ್ಟ ಕಡೆಯಲ್ಲಿ ಏನನ್ನು, ಯಾವಾಗ, ಹೇಗೆ ಅಳೆಯುತ್ತೀರಿ ಎಂಬುದಷ್ಟೇ ನಮ್ಮ ಪ್ರಶ್ನೆ.

ನೀರಿನಿಂದಲೇ ಶುರುಮಾಡುತ್ತೇವೆ. ಬಾವಿಯಿಂದ ಎಣ್ಣೆಯೊಂದೇ ಮೇಲೆ ಬರುವುದಿಲ್ಲ. ಬಂಡೆಯ ಪದರದೊಳಗೆ ಲಕ್ಷಾಂತರ ವರ್ಷ ಇದ್ದ ಉಪ್ಪುನೀರು, ಒತ್ತಡ ಉಳಿಸಲೆಂದು ಕೆಳಕ್ಕೆ ತಳ್ಳಿದ ಸಮುದ್ರದ ನೀರು ಎಲ್ಲವೂ ಜೊತೆಗೆ ಬರುತ್ತವೆ. ಬಾವಿ ಕೊರೆಯುವ ರಿಗ್‌ನವರ ಮಾತಿನಲ್ಲಿ ಇದು ಪ್ರೊಡ್ಯೂಸ್ಡ್ ವಾಟರ್. ಜಗತ್ತಿನ ಸರಾಸರಿ ಹಿಡಿದರೆ ಒಂದು ಬ್ಯಾರೆಲ್ ಎಣ್ಣೆಗೆ ಸುಮಾರು ಮೂರು ಬ್ಯಾರೆಲ್ ನೀರು. ಬಾವಿಗೆ ವಯಸ್ಸಾದಷ್ಟೂ ಎಣ್ಣೆ ಇಳಿದು ನೀರು ಏರುತ್ತದೆ. ಈ ಉದ್ಯಮ ಕಡಲಿಗೆ ಬಿಡುವ ತ್ಯಾಜ್ಯಗಳಲ್ಲಿ ಪ್ರಮಾಣದ ಮಟ್ಟಿಗೆ ಇದಕ್ಕೇ ಮೊದಲ ಸ್ಥಾನ.

ಕಡಲ ನಡುವಿನ ತೈಲಕಟ್ಟೆಯಾದ ಪ್ಲಾಟ್‌ಫಾರಂ ಮೇಲೆ ಈ ನೀರು ಹಾದುಬರುವ ದಾರಿ ನಿಮಗೆ ಗೊತ್ತಿರುವುದೇ. ಮೊದಲು ಸೆಪರೇಟರ್‌ನಲ್ಲಿ ಅನಿಲ, ಎಣ್ಣೆ, ನೀರು ಬೇರೆಯಾಗುತ್ತವೆ. ನೀರು ಅಲ್ಲಿಂದ ಹೈಡ್ರೋಸೈಕ್ಲೋನ್‌ಗೆ ಹೋಗುತ್ತದೆ. ಕಿರಿದಾದ ಕೊಳವೆಗಳಲ್ಲಿ ಅದು ಗಿರಗಿರನೆ ತಿರುಗುವಾಗ ಹಗುರಾದ ಎಣ್ಣೆ ನಡುವಿಗೆ ಸೇರಿ ಒಂದು ತುದಿಯಿಂದ ಹೊರಬೀಳುತ್ತದೆ. ಆಮೇಲೆ ಅನಿಲದ ಗುಳ್ಳೆ ಹಾಯಿಸಿ ಉಳಿದ ಹನಿಗಳನ್ನು ತೇಲಿಸಿ ತೆಗೆಯುತ್ತಾರೆ. ಕೊನೆಗೆ ನೀರು ಕಡಲಿಗೆ. ಕಾಗದದ ಮೇಲೆ ಇದು ಸೊಗಸಾದ ವ್ಯವಸ್ಥೆ. ಆದರೆ ಹೈಡ್ರೋಸೈಕ್ಲೋನ್ ಹಿಡಿಯಬಲ್ಲದ್ದು ಸುಮಾರು 10 ಮೈಕ್ರಾನ್‌ಗಿಂತ (ಮಿಲಿಮೀಟರಿನ ನೂರನೇ ಒಂದು ಭಾಗ) ದೊಡ್ಡ ಹನಿಗಳನ್ನು. ಬಾವಿಯ ಹರಿವನ್ನು ಹಿಡಿದಿಡುವ ಚೋಕ್ ವಾಲ್ವ್ ದಾಟುವಾಗ ಒತ್ತಡ ಧಡಕ್ಕನೆ ಇಳಿದರೆ ಹನಿಗಳು ಅದಕ್ಕಿಂತ ಸಣ್ಣಗೆ ಒಡೆಯುತ್ತವೆ. ಪೈಪು ತುಕ್ಕು ಹಿಡಿಯದಿರಲೆಂದು ಹಾಕುವ ರಾಸಾಯನಿಕ ಒಂದಿಷ್ಟು ಹೆಚ್ಚಾದರೂ ಸಾಕು, ಸೋಪಿನಂತೆ ಹನಿಯನ್ನು ಸುತ್ತಿಕೊಂಡು ಒಂದಕ್ಕೊಂದು ಕೂಡಿಕೊಳ್ಳದ ಹಾಗೆ ಮಾಡುತ್ತದೆ. ಮರಳು, ಲವಣದ ಚಕ್ಕೆ ಕೊಳವೆಗಳಲ್ಲಿ ಕಟ್ಟಿಕೊಂಡರೆ ತಿರುಗುವ ವೇಗವೇ ಕುಸಿಯುತ್ತದೆ. ನಿಂತಿದ್ದ ಬಾವಿಯನ್ನು ಮತ್ತೆ ಚಾಲೂ ಮಾಡಿದ ಮೊದಲ ಗಂಟೆಗಳಲ್ಲಂತೂ ಎಣ್ಣೆಯೂ ನೀರೂ ಅನಿಲವೂ ಮುದ್ದೆಮುದ್ದೆಯಾಗಿ ನುಗ್ಗಿ ಇಡೀ ವ್ಯವಸ್ಥೆಯನ್ನೇ ತಬ್ಬಿಬ್ಬು ಮಾಡುತ್ತವೆ.

ಈಗ ನಿಮ್ಮ 30 ಮಿಲಿಗ್ರಾಂಗೆ ಬರೋಣ. ದಿನಕ್ಕೆ 10,000 ಘನ ಮೀಟರ್ ನೀರು ಬಿಡುವ ಒಂದು ಪ್ಲಾಟ್‌ಫಾರಂ ಈ ಮಿತಿಯನ್ನು ಚಾಚೂ ತಪ್ಪದೆ ಪಾಲಿಸಿತು ಎಂದುಕೊಳ್ಳಿ. ದಿನಕ್ಕೆ 300 ಕಿಲೋ, ವರ್ಷಕ್ಕೆ ಸುಮಾರು 110 ಟನ್ ಎಣ್ಣೆ ಕಡಲಿಗೆ ಸೇರಿತು. ಇದನ್ನು ಯಾರೂ ಸೋರಿಕೆ ಎನ್ನುವುದಿಲ್ಲ, ವರದಿಯಲ್ಲಿ ಇದಕ್ಕೆ ‘ಅನುಪಾಲನೆ’ ಎಂಬ ಹೆಸರಿದೆ.

ಸರಾಸರಿಯ ಕಥೆ ಇನ್ನೂ ವಿಚಿತ್ರ. ತಿಂಗಳಲ್ಲಿ 29 ದಿನ ಲೀಟರಿಗೆ 20 ಮಿಲಿಗ್ರಾಂ, ಒಂದೇ ಒಂದು ದಿನ 300 ಮಿಲಿಗ್ರಾಂ ಹೋಯಿತು ಎನ್ನಿ. ಕೂಡಿಸಿ ಭಾಗಿಸಿ ನೋಡಿ: 29.3. ಪರೀಕ್ಷೆ ಪಾಸು! ಆ ಒಂದು ದಿನ ಕಡಲಿಗೆ ಹೋದದ್ದು 3 ಟನ್. ಮೀನುಗಳು ಮೊಟ್ಟೆಯಿಡುವ ವಾರದಲ್ಲೇ ಆ ದಿನ ಬಂದರೆ, ಮೊಟ್ಟೆಯೊಳಗಿನ ಭ್ರೂಣ ತಿಂಗಳ ಸರಾಸರಿಯನ್ನು ಉಸಿರಾಡುವುದಿಲ್ಲ, ಆ ದಿನದ ನೀರನ್ನೇ ಉಸಿರಾಡುತ್ತದೆ. ಅಮೆರಿಕದ ನಿಯಮದಲ್ಲಿ ತಿಂಗಳ ಸರಾಸರಿ 29 ಮಿಲಿಗ್ರಾಂ ಇದ್ದರೂ ಯಾವ ದಿನವೂ 42 ದಾಟಬಾರದೆಂಬ ಇನ್ನೊಂದು ಗೆರೆ ಇದೆ. ಈಶಾನ್ಯ ಅಟ್ಲಾಂಟಿಕ್ ದೇಶಗಳ ಆಸ್ಪಾರ್ ವ್ಯವಸ್ಥೆಯ 30 ಮಿಲಿಗ್ರಾಂ ಮಿತಿ ತಿಂಗಳ ಸರಾಸರಿಯ ಮೇಲೆಯೇ ನಿಂತಿದೆ. ದಿನದ ಗೆರೆ ಎಲ್ಲೆಡೆ ಬರಬೇಕು ಎಂಬುದು ನಮ್ಮ ಮೊದಲ ಮನವಿ. ದಿನಕ್ಕೆ ಒಂದೆರಡು ಸಲ, ಗೊತ್ತಾದ ಹೊತ್ತಿನಲ್ಲಿ ಬಾಟಲಿಗೆ ನೀರು ಹಿಡಿದರೆ ಏರುಪೇರಿನ ಗಂಟೆಗಳು ತಪ್ಪಿಹೋಗುತ್ತವೆ. ಆದ್ದರಿಂದ ನಿರಂತರವಾಗಿ ಅಳೆಯುವ ಉಪಕರಣ ಕೊಳವೆಯಲ್ಲೇ ಇರಲಿ. ಅದರ ಗಾಜಿಗೆ ಎಣ್ಣೆಯ ಪೊರೆ ಕಟ್ಟಿ ಅಳತೆ ಜಾರುತ್ತದೆ ಎಂಬ ತಕರಾರು ನಿಜವೇ. ಅದಕ್ಕೆ ಉತ್ತರ ಗಾಜು ಒರೆಸುವುದು, ಬಾಟಲಿಯ ಮಾದರಿಯ ಜೊತೆ ತಾಳೆನೋಡುವುದು. ಉಪಕರಣವನ್ನೇ ಬಿಟ್ಟುಬಿಡುವುದಲ್ಲ.

ಇಷ್ಟಾದರೂ ನಾವು ಇಲ್ಲಿಯವರೆಗೆ ಮಾತಾಡಿದ್ದು ಹನಿಯಾಗಿ ಚದುರಿದ ಎಣ್ಣೆಯ ಬಗ್ಗೆ ಮಾತ್ರ, ಏಕೆಂದರೆ ನಿಮ್ಮ ಮಿತಿ ಲೆಕ್ಕಕ್ಕೆ ಹಿಡಿಯುವುದು ಅದನ್ನಷ್ಟೇ. ನೀರಿನಲ್ಲಿ ಕರಗಿಹೋದ ಬೆಂಝೀನ್, ನ್ಯಾಫ್ತಲೀನ್, ಫಿನಾಂತ್ರೀನ್, ಆಲ್ಕೈಲ್‌ಫೀನಾಲ್‌ಗಳು ಹೈಡ್ರೋಸೈಕ್ಲೋನ್‌ಗೂ ಸಿಗುವುದಿಲ್ಲ, 30 ಮಿಲಿಗ್ರಾಂನ ಲೆಕ್ಕಕ್ಕೂ ಬೀಳುವುದಿಲ್ಲ. ಜೀವಿಗೆ ಒಳಹೊಗಲು ಸಲೀಸಾದ ರೂಪವೇ ಇದು. ಮೀನಿನ ಭ್ರೂಣಗಳಲ್ಲಿ ಆಗುವುದೇನೆಂದು ಈಗ ಸಾಕಷ್ಟು ಸ್ಪಷ್ಟವಾಗಿದೆ. ಕಚ್ಚಾತೈಲದ ಈ ಅಂಶಗಳು ಹೃದಯದ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಓಡಾಟವನ್ನು ತಡೆಯುತ್ತವೆ. 2014ರಲ್ಲಿ ಟ್ಯೂನಾ ಮೀನಿನ ಹೃದಯಕೋಶಗಳ ಮೇಲಿನ ಅಧ್ಯಯನ ಇದನ್ನು ತೋರಿಸಿತು. ಬಡಿತ ತಾಳ ತಪ್ಪುತ್ತದೆ, ಹೃದಯದ ಸುತ್ತ ನೀರು ತುಂಬುತ್ತದೆ. ಮರಿ ಮೊಟ್ಟೆಯೊಡೆದು ಬಂದರೂ ಈಜುವ ಕಸುವಿರುವುದಿಲ್ಲ. ಇಷ್ಟಾಗಲು ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಸಾಕಾದ ಉದಾಹರಣೆಗಳಿವೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೊಗ್ರಾಂ ಎಂಬುದನ್ನು ನಿಮಗೆ ನೆನಪಿಸಬೇಕಿಲ್ಲ.

ಹ್ಯಾಡಕ್ ಮೀನಿನ ಮೊಟ್ಟೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಸುಮಾರು ಒಂದೂವರೆ ಮಿಲಿಮೀಟರ್ ಅಗಲದ, ಪಾರದರ್ಶಕವಾದ, ನೀರಿನ ಮೇಲ್ಪದರದಲ್ಲಿ ತೇಲುವ ಗುಂಡು. ಸೂಕ್ಷ್ಮ ಎಣ್ಣೆಹನಿಗಳಿರುವ ನೀರಿನಲ್ಲಿ ಇದನ್ನಿಟ್ಟರೆ ಹನಿಗಳು ಮೊಟ್ಟೆಯ ಹೊರಪೊರೆಗೆ ಅಂಟಿಕೊಳ್ಳುತ್ತವೆ. ಆಮೇಲೆ ಮೊಟ್ಟೆಯನ್ನು ಶುದ್ಧ ನೀರಿಗೆ ಹಾಕಿದರೂ ಅವು ಕೂಡಲೇ ಬಿಟ್ಟುಹೋಗುವುದಿಲ್ಲ. ಅಂದರೆ ಕಡಲಿನ ನೀರು ತಿಳಿಯಾದ ಮೇಲೂ ಮೊಟ್ಟೆ ತನ್ನ ಪಾಲಿನ ವಿಷವನ್ನು ಬೆನ್ನಮೇಲೆ ಹೊತ್ತೇ ಸಾಗುತ್ತದೆ. ಪರಿಣಾಮ ವರದಿಗಳ ಮುಖ್ಯ ಆಸರೆಯಾದ ‘ಕೆಲವು ನೂರು ಮೀಟರಿನೊಳಗೆ ನೂರಾರು ಪಟ್ಟು ತೆಳುವಾಗುತ್ತದೆ’ ಎಂಬ ಮಾತು ಇಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ತೆಳುವಾಗುವುದು ಸುಳ್ಳಲ್ಲ, ಆದರೆ ಅಂಟಿಕೊಂಡದ್ದಕ್ಕೆ ಆ ಗಣಿತ ನಡೆಯುವುದಿಲ್ಲ. ಕಡಲಹಕ್ಕಿಯ ಗರಿಗೂ ಇದೇ ಮಾತು. ನೀರಿನ ಮೇಲೆ ಕಾಮನಬಿಲ್ಲಿನಂತೆ ಹೊಳೆಯುವ, ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ತೆಳ್ಳಗಿನ ಪೊರೆ ಕೂಡ ಗರಿಯ ಎಳೆಗಳ ಹೆಣಿಗೆಯನ್ನು ಕೆಡಿಸುತ್ತದೆ. ಹೆಣಿಗೆ ಕೆಟ್ಟರೆ ತಣ್ಣೀರು ಚರ್ಮಕ್ಕೆ ಇಳಿಯುತ್ತದೆ, ಹಕ್ಕಿ ಚಳಿಗೆ ಸಾಯುತ್ತದೆ.

ಇಲ್ಲೊಂದು ವ್ಯಂಗ್ಯವನ್ನು ಹೇಳದೆ ಇರಲಾಗದು. ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಪ್ರಕಾರ ಎಂಜಿನ್ ಕೋಣೆಯ ಕೊಳೆನೀರಿನಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಭಾಗ ದಾಟಬಾರದು. ತೈಲದ ಪ್ಲಾಟ್‌ಫಾರಂನ ಎಂಜಿನ್ ಕೋಣೆಗೂ ಅದೇ ನಿಯಮ. ಆದರೆ ಅದೇ ಪ್ಲಾಟ್‌ಫಾರಂನ ಬಾವಿನೀರು ಒಪ್ಪಂದದ ಹೊರಗೆ, ಏಕೆಂದರೆ ಕಡಲತಳದ ಖನಿಜ ತೆಗೆಯುವಾಗ ನೇರವಾಗಿ ಹೊರಬರುವುದನ್ನು ಅದು ಆರಂಭದಲ್ಲೇ ಕೈಬಿಟ್ಟಿದೆ. ಹೀಗಾಗಿ ಒಂದೇ ಕಟ್ಟೆಯ ಮೇಲೆ ಕೆಲವು ಬಕೆಟ್ ಕೊಳೆನೀರಿಗೆ ಬಿಗಿಯಾದ ಕಾನೂನು, ಸಾವಿರಾರು ಟನ್ ಬಾವಿನೀರಿಗೆ ಅದರ ಎರಡು ಪಟ್ಟು ಸಡಿಲ. ಅಳೆಯುವ ವಿಧಾನಗಳು ಬೇರೆ ಎಂದು ಎಂಜಿನಿಯರುಗಳು ತಿದ್ದಬಹುದು. ತಿದ್ದಲಿ, ವ್ಯತ್ಯಾಸ ಮಾತ್ರ ಅಳಿಸಿಹೋಗುವುದಿಲ್ಲ.

ದಾರಿ ಇಲ್ಲವೆಂದಲ್ಲ. ನೀರನ್ನು ಸೋಸಿ ಮತ್ತೆ ಬಂಡೆಯೊಳಕ್ಕೇ ತಳ್ಳುವುದು ಹಲವೆಡೆ ನಡೆದಿದೆ. ಅದರಲ್ಲೂ ತೊಡಕಿದೆ: ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಬೆಳೆದು ಬಾವಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು, ಪಂಪು ಕೈಕೊಟ್ಟ ಗಂಟೆಗಳಲ್ಲಿ ನೀರು ಮತ್ತೆ ಕಡಲಿಗೇ ಹೋಗುತ್ತದೆ. ಹೊಸ ಪ್ಲಾಟ್‌ಫಾರಂಗಳಿಗೆ ಇದನ್ನು ಕಡ್ಡಾಯ ಮಾಡಿ, ಪಂಪು ನಿಂತ ಗಂಟೆಗಳನ್ನು ಬೇರೆಯೇ ಕಾಲಂನಲ್ಲಿ ಬರೆಸಿ. ಹಳೆಯವುಗಳ ಸುತ್ತ ನಾರ್ವೆಯವರು ಮಾಡುವಂತೆ, ಪ್ರವಾಹ ಹರಿಯುವ ದಿಕ್ಕಿನಲ್ಲಿ ಬೇರೆ ಬೇರೆ ದೂರಕ್ಕೆ ಮಸೆಲ್ ಚಿಪ್ಪುಜೀವಿಗಳನ್ನು ಪಂಜರದಲ್ಲಿ ತೂಗುಬಿಟ್ಟು, ಕೆಲವು ವಾರಗಳ ನಂತರ ಅವುಗಳ ಮೈಯಲ್ಲಿ ಸೇರಿದ್ದನ್ನು ಪರೀಕ್ಷಿಸಿ. ಕಂಪ್ಯೂಟರಿನ ಮಾದರಿಗಿಂತ ಚಿಪ್ಪಿನ ಸಾಕ್ಷಿ ಗಟ್ಟಿ.

ಇನ್ನು ಸದ್ದು. ಕಡಲತಳದಡಿ ಎಣ್ಣೆ ಎಲ್ಲಿದೆಯೆಂದು ಹುಡುಕಲು ಸಮೀಕ್ಷಾ ಹಡಗು ಏರ್‌ಗನ್‌ಗಳ ಸಾಲನ್ನು ಎಳೆದುಕೊಂಡು ಹೋಗುತ್ತದೆ. ಚದರಿಂಚಿಗೆ ಸುಮಾರು 2,000 ಪೌಂಡ್ ಒತ್ತಡದ ಗಾಳಿ ಒಮ್ಮೆಲೇ ಹೊರನುಗ್ಗಿ ಢಂ ಎನ್ನುತ್ತದೆ. ಹಿಂದೆ ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್‌ಗಳಲ್ಲಿರುವ ಹೈಡ್ರೋಫೋನ್‌ಗಳು, ಅಂದರೆ ನೀರೊಳಗಿನ ಮೈಕ್ರೊಫೋನ್‌ಗಳು, ತಳದ ಪದರಗಳಿಂದ ಮರಳುವ ಪ್ರತಿಧ್ವನಿಯನ್ನು ಹಿಡಿಯುತ್ತವೆ. ಹತ್ತು ಸೆಕೆಂಡಿಗೊಂದು ಸಲ ಎಂದರೆ ದಿನಕ್ಕೆ 8,640 ಹೊಡೆತ. ಹಗಲು ರಾತ್ರಿ, ವಾರಗಟ್ಟಲೆ. ಅದರ ಶಕ್ತಿಯ ಹೆಚ್ಚಿನ ಪಾಲು ಇರುವುದು ಕೆಳಸ್ಥಾಯಿಯಲ್ಲಿ. ನೀಲಿ ತಿಮಿಂಗಿಲ, ಫಿನ್ ತಿಮಿಂಗಿಲಗಳು ಪರಸ್ಪರ ಕೂಗುವುದೂ ಅದೇ ಸ್ಥಾಯಿಯಲ್ಲಿ. ನಡು ಅಟ್ಲಾಂಟಿಕ್‌ನ ಹೈಡ್ರೋಫೋನ್‌ಗಳಿಗೆ ಸುಮಾರು 4,000 ಕಿಲೋಮೀಟರ್ ದೂರದ ಏರ್‌ಗನ್ ಸದ್ದು ಕೇಳಿಸಿದ್ದುಂಟು.

ಇದಕ್ಕೆ ನಿಮ್ಮಲ್ಲಿರುವ ಮದ್ದು 500 ಮೀಟರ್ ವೃತ್ತ ಮತ್ತು 30 ನಿಮಿಷದ ಕಾವಲು. ವೀಕ್ಷಕರು ಡೆಕ್ ಮೇಲೆ ನಿಂತು ಬೈನಾಕ್ಯುಲರ್‌ನಲ್ಲಿ ನೋಡುತ್ತಾರೆ, ಏನೂ ಕಾಣದಿದ್ದರೆ ಸಣ್ಣ ಗನ್‌ನಿಂದ ಶುರುಮಾಡಿ ನಿಧಾನಕ್ಕೆ ಪೂರ್ತಿ ಬಲಕ್ಕೆ ಏರಿಸುತ್ತಾರೆ. ಸ್ಪರ್ಮ್ ತಿಮಿಂಗಿಲ ಒಂದು ಮುಳುಗಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೆಳಗಿರುತ್ತದೆ. ಕ್ಯುವಿಯರ್‌ನ ಕೊಕ್ಕು ತಿಮಿಂಗಿಲ 222 ನಿಮಿಷ ಮುಳುಗಿದ್ದು ದಾಖಲಾಗಿದೆ. ಅರ್ಧ ಗಂಟೆ ಕಾದು ‘ಯಾರೂ ಇಲ್ಲ’ ಎಂದು ಬರೆಯುವುದು, ಬಾಗಿಲು ತಟ್ಟಿದ ಕೂಡಲೇ ತೆರೆಯಲಿಲ್ಲವೆಂದು ಮನೆ ಖಾಲಿ ಎಂದು ಬರೆದ ಹಾಗೆ. ಬ್ರಿಟನ್ನಿನ ಮಾರ್ಗಸೂಚಿ 200 ಮೀಟರಿಗಿಂತ ಆಳದ ನೀರಿನಲ್ಲಿ 60 ನಿಮಿಷ ಕೇಳುತ್ತದೆ, ಅಷ್ಟಾದರೂ ಎಲ್ಲೆಡೆ ಆಗಲಿ. ರಾತ್ರಿಯಲ್ಲಿ, ಮಂಜಿನಲ್ಲಿ ಕಣ್ಣಿನ ಕಾವಲಿಗೆ ಅರ್ಥವಿಲ್ಲ. ನೀರೊಳಗಿನ ಧ್ವನಿ ಆಲಿಸುವ ಉಪಕರಣ ಇಲ್ಲದೆ ಕತ್ತಲಲ್ಲಿ ಹೊಸದಾಗಿ ಹೊಡೆತ ಆರಂಭಿಸಲು ಬಿಡಬೇಡಿ. ಇನ್ನೂ ಮುಖ್ಯವಾದ ಮಾತೆಂದರೆ, 500 ಮೀಟರ್ ವೃತ್ತ ಕಿವಿ ಹರಿಯದಂತೆ ನೋಡಿಕೊಂಡೀತು ಅಷ್ಟೆ. ತಿಮಿಂಗಿಲ ಮೇಯುವುದನ್ನು ಬಿಡುವುದು, ಜೊತೆಗಾರರನ್ನು ಕರೆಯುವುದನ್ನು ನಿಲ್ಲಿಸುವುದು ಕಿಲೋಮೀಟರುಗಳಾಚೆಯೂ ನಡೆಯುತ್ತದೆ.

ಮೀನಿಗಂತೂ ಆ ವೃತ್ತವೂ ಇಲ್ಲ. 1990ರ ದಶಕದಲ್ಲಿ ಬ್ಯಾರೆಂಟ್ಸ್ ಸಮುದ್ರದ ಪ್ರಯೋಗದಲ್ಲಿ ಏರ್‌ಗನ್ ಶುರುವಾದ ಮೇಲೆ ಟ್ರಾಲ್ ಬಲೆಗೆ ಬೀಳುವ ಕಾಡ್ ಮತ್ತು ಹ್ಯಾಡಕ್ ಮೀನುಗಳ ಹಿಡಿತ ಸುತ್ತಲಿನ ಪ್ರದೇಶದಲ್ಲಿ ಸುಮಾರು ಅರ್ಧಕ್ಕೆ, ಸಮೀಕ್ಷೆ ನಡೆದ ಜಾಗದಲ್ಲಿ ಅದಕ್ಕೂ ಕೆಳಕ್ಕೆ ಇಳಿಯಿತು. ಸದ್ದು ನಿಂತು ಐದು ದಿನ ಕಳೆದರೂ ಮೊದಲಿನ ಮಟ್ಟಕ್ಕೆ ಬರಲಿಲ್ಲ. ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳಾದ ಪ್ರಾಣಿಪ್ಲವಕಗಳ ವಿಷಯದಲ್ಲಿ ಸಾಕ್ಷ್ಯ ಎರಡು ಬದಿಗೂ ಇದೆ, ಮುಚ್ಚಿಡುವುದಿಲ್ಲ. 2017ರಲ್ಲಿ ಟ್ಯಾಸ್ಮೇನಿಯಾ ಬಳಿಯ ಪ್ರಯೋಗದಲ್ಲಿ ಒಂದೇ ಒಂದು ಏರ್‌ಗನ್ ಹಾದ ಮೇಲೆ 1.2 ಕಿಲೋಮೀಟರ್‌ವರೆಗೂ ಸತ್ತ ಪ್ಲವಕ ಎರಡು ಮೂರು ಪಟ್ಟು ಹೆಚ್ಚಿತು, ಮಾದರಿಯಲ್ಲಿ ಸಿಕ್ಕ, ಸಿಗಡಿಯಂಥ ಕ್ರಿಲ್ ಮರಿಗಳೆಲ್ಲ ಸತ್ತಿದ್ದವು. ನಾರ್ವೆಯಲ್ಲಿ ಕ್ಯಾಲನಸ್ ಎಂಬ ಪ್ಲವಕದ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಸುಮಾರು ಹತ್ತು ಮೀಟರ್ ಆಚೆಗೆ ಅಂಥ ಸಾವು ಕಾಣಲಿಲ್ಲ. ಇದರಿಂದ ತಿಳಿಯುವುದು ಇಷ್ಟು: ಜೀವಿಯಿಂದ ಜೀವಿಗೆ, ನೀರಿನಿಂದ ನೀರಿಗೆ ಪರಿಣಾಮ ಬೇರೆ. ಹಾಗಿರುವಾಗ ಒಂದು ಕಡಲಿನ ಸಮಾಧಾನಕರ ಫಲಿತಾಂಶವನ್ನು ಕತ್ತರಿಸಿ ಇನ್ನೊಂದು ಕಡಲಿನ ವರದಿಗೆ ಅಂಟಿಸಿದ್ದನ್ನು ನೀವು ಒಪ್ಪಬಾರದು. ಮೊಟ್ಟೆಯಿಡುವ ಹಂಗಾಮಿನಲ್ಲಿ ಸಮೀಕ್ಷೆಗೆ ಪೂರ್ತಿ ರಜೆ ಕೊಡಿ. ಪರವಾನಗಿ ಕೊಟ್ಟ ಒಂದೇ ಕಡಲಭಾಗವನ್ನು ಎರಡನೇ ಕಂಪನಿ ಮತ್ತೆ ಸಮೀಕ್ಷೆ ಮಾಡುವ ಬದಲು ಮೊದಲನೆಯದರ ದತ್ತಾಂಶ ಕೊಳ್ಳುವಂತೆ ಮಾಡಿ.

ಕೊರೆತದ ಚೂರುಗಳ ಲೆಕ್ಕ ಸರಳ. 17.5 ಇಂಚು ಅಗಲದ ರಂಧ್ರ 1,000 ಮೀಟರ್ ಇಳಿದರೆ ಸುಮಾರು 155 ಘನ ಮೀಟರ್ ಕಲ್ಲು ಹೊರಬೀಳುತ್ತದೆ. ಜೊತೆಗೆ ಕೊರೆಯುವಾಗ ಬಾವಿಗೆ ಹರಿಸುವ ಕೆಸರಿನಂಥ ದ್ರವವಾದ ಮಡ್, ಅದನ್ನು ಭಾರ ಮಾಡಲು ಬೆರೆಸಿದ ಬರೈಟ್ ಖನಿಜ, ಬರೈಟ್‌ನೊಳಗೆ ಕುರುಹಿನಷ್ಟು ಪಾದರಸ, ಕ್ಯಾಡ್ಮಿಯಂ. ಬಾವಿಯ ಮೇಲ್ಭಾಗವನ್ನು, ತಳದಿಂದ ರಿಗ್‌ವರೆಗೆ ಏರುವ ರೈಸರ್ ಕೊಳವೆ ಜೋಡಿಸುವ ಮೊದಲೇ ಕೊರೆಯುವುದರಿಂದ ಅಲ್ಲಿಂದ ಬಂದದ್ದೆಲ್ಲ ಬಾವಿಬಾಯಿಯ ಸುತ್ತಲೇ ಗುಡ್ಡೆಯಾಗುತ್ತದೆ. ಸಿಂಥೆಟಿಕ್ ಮಡ್ ‘ಬೇಗ ಕೊಳೆಯುತ್ತದೆ’ ಎಂದು ವರದಿಗಳು ಅದನ್ನು ಹೊಗಳುತ್ತವೆ. ಕೊಳೆಯಲು ಆಮ್ಲಜನಕ ಬೇಕಲ್ಲ, ಅದು ಬರುವುದು ತಳದ ಕೆಸರಿನಿಂದಲೇ. ಬೇಗ ಕೊಳೆತಷ್ಟೂ ಕೆಸರು ಬೇಗ ಕಪ್ಪಾಗಿ, ಒಳಗಿನ ಹುಳ, ಚಿಪ್ಪುಜೀವಿಗಳು ಉಸಿರುಗಟ್ಟುತ್ತವೆ. ಪಕ್ಕದಲ್ಲಿ ತಣ್ಣೀರಿನ ಹವಳ ಇದ್ದರೆ ಮಾತು ಇನ್ನೂ ಗಂಭೀರ. ವರ್ಷಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಬೆಳೆಯುವ, ಸಾವಿರಾರು ವರ್ಷ ಹಳೆಯ ದಿಬ್ಬಗಳವು. ಬಾವಿಯ ಜಾಗ ಗೊತ್ತುಮಾಡುವ ಮೊದಲೇ ಮೇಲಿನಿಂದ ನಡೆಸುವ ನೀರೊಳಗಿನ ಯಂತ್ರದ (ಆರ್‌ಒವಿ) ಕ್ಯಾಮೆರಾ ಇಳಿಸಿ ತಳದ ಚಿತ್ರ ತೆಗೆಯಿಸಿ. ಜಾಗ ಗೊತ್ತಾದ ಮೇಲೆ ತೆಗೆದ ಚಿತ್ರ ಬರೀ ಕಡತಕ್ಕೆ.

ದೊಡ್ಡ ಅವಘಡದ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಒಂದೇ ವಿಷಯ ಎತ್ತುತ್ತೇವೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿ 11 ಜನ ಸತ್ತರು. ಬಾವಿ 87 ದಿನ ಉಗುಳಿತು. ನ್ಯಾಯಾಲಯ ಒಪ್ಪಿದ ಲೆಕ್ಕದಲ್ಲಿ ಕಡಲು ಸೇರಿದ್ದು 31.9 ಲಕ್ಷ ಬ್ಯಾರೆಲ್. ಸಿಮೆಂಟ್ ಹಿಡಿದಿರಲಿಲ್ಲ, ಒತ್ತಡ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಓದಿದ್ದರು, ಪೈಪನ್ನು ಕತ್ತರಿಸಿ ಬಾವಿ ಮುಚ್ಚಬೇಕಿದ್ದ ಬ್ಲೇಡುಗಳಿಗೆ ಬಾಗಿದ ಪೈಪು ಸರಿಯಾಗಿ ಸಿಗಲಿಲ್ಲ. ಅಮೆರಿಕ ಸರ್ಕಾರವೇ 2010ರ ಆಗಸ್ಟಿನಲ್ಲಿ ಕೊಟ್ಟ ಅಂದಾಜಿನಂತೆ, ಇಷ್ಟೆಲ್ಲ ಹಡಗು, ತೇಲುಬೇಲಿ ಸೇರಿ ನೀರಿನ ಮೇಲಿಂದ ಬಳಿದು ತೆಗೆದದ್ದು ನೂರಕ್ಕೆ 3 ಭಾಗ, ಸುಟ್ಟದ್ದು 5 ಭಾಗ. ಬಾವಿಯಿಂದ 11 ಕಿಲೋಮೀಟರ್ ದೂರದ ಆಳದ ಹವಳಗಳ ಮೇಲೆ ಕಂದು ಕೊಳೆ ಕೂತಿತ್ತು. ಲೂಸಿಯಾನಾ ಕರಾವಳಿಯ ಬರಟೇರಿಯಾ ಕೊಲ್ಲಿಯಲ್ಲಿ ಗಬ್ಬವಾಗಿದ್ದ ಡಾಲ್ಫಿನ್‌ಗಳ ಮೇಲೆ ಕಣ್ಣಿಟ್ಟಾಗ ಐದರಲ್ಲಿ ಒಂದು ಮಾತ್ರ ಬದುಕುಳಿಯುವ ಮರಿ ಹಾಕಿತು. ನಿಮ್ಮ ಕಡತಗಳಲ್ಲಿರುವ ಸೋರಿಕೆ ತುರ್ತು ಯೋಜನೆಗಳು ಈಗಲೂ ತೇಲುಬೇಲಿ, ಎಣ್ಣೆ ಬಳಿಯುವ ಸ್ಕಿಮ್ಮರ್‌ಗಳ ಪಟ್ಟಿಯಿಂದಲೇ ತುಂಬಿವೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಯೋಜನೆ ಅದು. ಅದರ ಬದಲು ಇದನ್ನು ಕೇಳಿ: ಬಾವಿಯ ಬಾಯಿಗೆ ಕೂರಿಸುವ ಕ್ಯಾಪಿಂಗ್ ಸ್ಟ್ಯಾಕ್ ಈಗ ಯಾವ ಬಂದರಿನಲ್ಲಿದೆ, ಅದನ್ನು ಎತ್ತುವ ಹಡಗು ಯಾವುದು, ಬಾವಿಗೆ ತಲುಪಲು ಎಷ್ಟು ದಿನ, ಈ ಬಾವಿಯ ತಲೆಗೆ ಅದು ಹೊಂದುತ್ತದೆಯೇ, ಉಗುಳುವ ಬಾವಿಯನ್ನು ಆಳದಲ್ಲಿ ಮುಟ್ಟಿ ಮುಚ್ಚುವ ರಿಲೀಫ್ ಬಾವಿ ಕೊರೆಯಲು ಇನ್ನೊಂದು ರಿಗ್ ಎಷ್ಟು ದೂರದಲ್ಲಿದೆ. 2009ರಲ್ಲಿ ಟಿಮೋರ್ ಸಮುದ್ರದ ಮೊಂಟಾರಾ ಬಾವಿ 74 ದಿನ ಹರಿದದ್ದು, ರಿಲೀಫ್ ಬಾವಿ ಅದನ್ನು ಮುಟ್ಟುವವರೆಗೂ ಬೇರೆ ದಾರಿಯಿಲ್ಲದೆ. ಉತ್ತರ ದಿನಗಳಲ್ಲಿ ಬರದಿದ್ದರೆ ಸಹಿ ಹಾಕಬೇಡಿ.

ರಾತ್ರಿಯ ದೀಪ, ಬೇಡದ ಅನಿಲ ಸುಡುವ ಫ್ಲೇರ್ ಬೆಂಕಿಗೆ ವಲಸೆ ಹಕ್ಕಿಗಳು ಸುತ್ತಿ ಸುತ್ತಿ ಸುಸ್ತಾಗಿ ಬೀಳುವುದು ಹಳೆಯ ಸಂಗತಿ. ಕೆಂಪು ಮತ್ತು ಬಿಳಿ ಬೆಳಕಿಗಿಂತ ಹಸಿರಿಗೆ ಅವು ಕಡಿಮೆ ಮರುಳಾಗುತ್ತವೆ ಎಂದು ಉತ್ತರ ಸಮುದ್ರದ ಪ್ರಯೋಗ ತೋರಿಸಿದೆ, ಬಲ್ಬು ಬದಲಿಸಲು ಸಂಶೋಧನಾ ಸಮಿತಿ ಬೇಕಿಲ್ಲ. ಮುದಿಯಾದ ಪ್ಲಾಟ್‌ಫಾರಂ ಕೀಳಬೇಕೋ ಉಳಿಸಬೇಕೋ ಎಂಬ ಬಗ್ಗೆ ನಮ್ಮದು ಒಂದೇ ಹಟವಲ್ಲ. ಅದರ ಕಾಲುಗಳ ಸುತ್ತ ಮೀನು ತುಂಬಿರುವುದು ನಿಜ, ಕೆಲವೆಡೆ ಕೆಳಭಾಗವನ್ನು ಉಳಿಸುವುದೇ ಲೇಸಾದೀತು. ಬ್ರೆಜಿಲ್ ಕರಾವಳಿಯಲ್ಲಿ ಟ್ಯೂಬಾಸ್ಟ್ರಿಯಾ ಎಂಬ ಪರಕೀಯ ಹವಳ ಹಬ್ಬಲು ಇಂಥ ಕಟ್ಟಡಗಳೇ ಮೆಟ್ಟಿಲಾದವು ಎಂಬುದೂ ಅಷ್ಟೇ ನಿಜ. ಜಾಗ ನೋಡಿ ತೀರ್ಮಾನಿಸಿ. ಆದರೆ ಬಾವಿಗೆ ಸಿಮೆಂಟ್ ಬೆಣೆ ಜಡಿಯುವ ಹಣವನ್ನು ಮೊದಲ ಹನಿ ತೆಗೆಯುವ ಮುನ್ನವೇ ಠೇವಣಿಯಾಗಿ ಕಟ್ಟಿಸಿಕೊಳ್ಳಿ, ಏಕೆಂದರೆ ಬಾವಿ ಬತ್ತುವ ಹೊತ್ತಿಗೆ ಅದು ಎಷ್ಟನೇ ಕೈಯಲ್ಲಿ ಇರುತ್ತದೋ ಯಾರೂ ಹೇಳಲಾರರು.

ಇಷ್ಟು ತಿದ್ದುಪಡಿಗಳಿಗೆ ಸಮಯ ಬೇಕು, ಬಲ್ಲೆವು. ಒಂದಕ್ಕೆ ಮಾತ್ರ ಸಮಯ ಬೇಕಿಲ್ಲ. ಪ್ರತಿ ಪ್ಲಾಟ್‌ಫಾರಂನ ಬಾವಿನೀರಿನ ದಿನವಾರು ಪ್ರಮಾಣ, ದಿನವಾರು ಎಣ್ಣೆಯಂಶ, ಸಂಸ್ಕರಣೆ ಕೈಕೊಟ್ಟ ಗಂಟೆಗಳು, ಬಳಸಿದ ರಾಸಾಯನಿಕಗಳ ಹೆಸರು ಮತ್ತು ಕಿಲೋ ಲೆಕ್ಕ ನಿಮ್ಮ ಕಚೇರಿಗೆ ಬಂದಿರುತ್ತದೆ, ಇಲ್ಲವೇ ನೀವು ಕೇಳಿದರೆ ಬರುತ್ತದೆ. ಕಳೆದ ಹನ್ನೆರಡು ತಿಂಗಳದ್ದನ್ನು ಸರಾಸರಿ ಮಾಡದೆ, ಇದ್ದುದನ್ನು ಇದ್ದಂತೆ, ಸಾರ್ವಜನಿಕರು ಇಳಿಸಿಕೊಳ್ಳುವ ರೂಪದಲ್ಲಿ ಪ್ರಕಟಿಸಿ. ಅದರ ಪಕ್ಕದಲ್ಲಿ ಆಯಾ ಕಡಲಿನ ಮೀನುಗಳು ಮೊಟ್ಟೆಯಿಡುವ ತಾರೀಖುಗಳನ್ನು ನಾವೇ ಇಟ್ಟು ನೋಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಡಲ ಜೀವಶಾಸ್ತ್ರ ಮತ್ತು ತೈಲಬಾವಿ ತಂತ್ರಜ್ಞಾನದಲ್ಲಿ ಕೆಲಸ ಮಾಡುವ ಕೆಲವರು